ಅಪ್ಪನ ಪಥ್ಯದ ಕೆಂಪು ಬ್ರೆಡ್ಡು

ನಾನು ಚಿಕ್ಕವಳಿದ್ದಾಗ ನಮ್ಮೂರು ಮಲಪನಗುಡಿಯಲ್ಲಿ ಬ್ರೆಡ್ಡು ತಿಂದವರಿಗಿಂತ ನೋಡಿದವರು ಹೆಚ್ಚು, ನೋಡಿದವರಿಗಿಂತ ಅದರ ಬಗ್ಗೆ ಮಾತಾಡಿದವರು ಹೆಚ್ಚು. ಡಬಲ್ ರೊಟ್ಟಿ ಎಂದು ಅದರ ಹೆಸರು. ಹೊಸಪೇಟೆಯ ಬ್ರೆಡ್ಡಿನ ಭಟ್ಟಿಯಿಂದ ಯಾರಾದರೂ ಒಂದನ್ನು ಕಟ್ಟಿಸಿಕೊಂಡು ಬಂದರೆ ದಾರಿಯುದ್ದಕ್ಕೂ “ಯಾರಿಗೆ ಆರಾಮಿಲ್ಲ?” ಎಂಬ ಪ್ರಶ್ನೆಗೆ ಉತ್ತರ ಕೊಡುತ್ತ ಬರಬೇಕಾಗಿತ್ತು. ಜ್ವರ ಬಂದು ನಾಲಿಗೆ ಕೆಟ್ಟವರು, ಹಲ್ಲಿಲ್ಲದ ಮುದುಕರು ಹಾಲಿನಲ್ಲಿ ಅದ್ದಿ ತಿನ್ನುವ ವಸ್ತು ಅದು. ಗಟ್ಟಿಮುಟ್ಟಾದವನು ತಿಂದರೆ ನಗೆಪಾಟಲು. ಹೀಗಾಗಿ ನಮ್ಮವರ ಮನಸ್ಸಿನಲ್ಲಿ ಬ್ರೆಡ್ಡು ಅರ್ಧ ಔಷಧವೇ ಆಗಿತ್ತು. ಅದು ಯಾರಿಗಾದರೂ ಕೆಡುಕು ಮಾಡೀತೆಂಬ ಅನುಮಾನ ಯಾರಿಗೂ ಬರುವಂತಿರಲಿಲ್ಲ. ನನಗಂತೂ ಬರಲಿಲ್ಲ, ಮತ್ತು ನಾನು ಆ ಊರಿನಲ್ಲಿ ಇಂಗ್ಲಿಷ್ ಓದಬಲ್ಲ ಒಬ್ಬಳೇ ಹೆಂಗಸಾಗಿದ್ದೆ.

ಓದಿಸಿದವನು ಅಪ್ಪ. ಹನ್ನೊಂದಕ್ಕೆ ನನ್ನ ಮದುವೆ ಆಗಿತ್ತು, ಹದಿನಾಲ್ಕಕ್ಕೆ ಗಂಡ ಪ್ಲೇಗಿನಲ್ಲಿ ಹೋದ. ಅವನ ಮುಖವೂ ನನಗೆ ನೆಟ್ಟಗೆ ನೆನಪಿಲ್ಲ. ಅವನಿಗಾಗಿ ಅತ್ತವರೆಲ್ಲ ಬೇರೆಯವರೇ. ನಮ್ಮವರಲ್ಲಿ ಎರಡನೆಯ ಮದುವೆ ನಡೆಯುತ್ತದೆ, ಉಡಿಕೆ ಎನ್ನುತ್ತಾರೆ. ಹಿರಿಯರು ಆಗಲೇ ಒಬ್ಬಿಬ್ಬರು ಗಂಡುಗಳನ್ನು ನೋಡಿಟ್ಟಿದ್ದರು. ಅಪ್ಪ ಅವರಿಗೆಲ್ಲ ಎಲೆ ಅಡಿಕೆ ಕೊಟ್ಟು, “ಅಕಿ ಓದ್ತೀನಿ ಅಂತಾಳ, ಓದ್ಲಿ ಬಿಡ್ರಿ” ಎಂದು ಹೇಳಿ ಕಳಿಸಿದ. ಬಳ್ಳಾರಿಯಲ್ಲಿ ಟ್ರೇನಿಂಗು ಮುಗಿಸಿ ನಾನು ಹೊಸಪೇಟೆಯ ಹೆಣ್ಣುಮಕ್ಕಳ ಶಾಲೆಗೆ ಮಾಸ್ತರಿಣಿಯಾಗಿ ಬಂದೆ. ದಿನಾ ನಮ್ಮದೇ ಎತ್ತಿನ ಬಂಡಿಯಲ್ಲಿ ಹೋಗಿ ಬರುವುದು. ಒಂದು ವರ್ಷದೊಳಗೆ ನಮ್ಮೂರಿನ ನಾಲ್ಕು ಹುಡುಗಿಯರು ನನ್ನ ಜೊತೆ ಆ ಬಂಡಿ ಹತ್ತಿದರು. ಅವರ ಅಪ್ಪಂದಿರ ಮನೆಯ ಕಟ್ಟೆಗಳ ಮೇಲೆ ಕುಳಿತು, ಸಂಜೆ ಸಂಜೆ ಮಾತಾಡಿ, ಒಬ್ಬೊಬ್ಬರನ್ನೇ ಒಪ್ಪಿಸಿದವನೂ ಅಪ್ಪನೇ. ನನಗೆ ಸೊಕ್ಕು ಬಂದಿತ್ತು. ಇಪ್ಪತ್ತೆರಡು ವರ್ಷದವಳಿಗೆ ಊರಿನ ದೊಡ್ಡವರು “ಅಕ್ಕೋರ” ಎಂದು ಕರೆದು, ಕಾಗದ ಓದಿಸಿಕೊಳ್ಳಲು ಬಂದು ನಿಂತರೆ ಬರದೆ ಏನು ಮಾಡೀತು!

ಅಪ್ಪನಿಗೆ ಅಕ್ಷರ ಬರುತ್ತಿರಲಿಲ್ಲ, ಆದರೆ ಬೆಲ್ಲ ಬರುತ್ತಿತ್ತು. ಕಬ್ಬು ನುರಿಸುವ ಕಾಲದಲ್ಲಿ ಮಲಪನಗುಡಿ, ಬುಕ್ಕಸಾಗರದಿಂದ ಹಿಡಿದು ಕಂಪ್ಲಿಯವರೆಗೆ ಯಾರ ಗಾಣದಲ್ಲಿ ಕೊಪ್ಪರಿಗೆ ಒಲೆಗೆ ಏರಿದರೂ ಪಾಕ ನೋಡಲು ಅಪ್ಪನಿಗೆ ಕರೆ ಬರುತ್ತಿತ್ತು. ಕುದಿಯುವ ಕಬ್ಬಿನ ಹಾಲನ್ನು ಒಲೆಯಿಂದ ಯಾವ ಗಳಿಗೆಯಲ್ಲಿ ಇಳಿಸಬೇಕು ಎಂಬುದರ ಮೇಲೆ ಒಬ್ಬ ಒಕ್ಕಲಿಗನ ವರ್ಷದ ದುಡಿಮೆ ನಿಂತಿರುತ್ತದೆ. ತುಸು ಮೊದಲಾದರೆ ಬೆಲ್ಲ ಗಟ್ಟಿ ನಿಲ್ಲುವುದಿಲ್ಲ, ತುಸು ತಡವಾದರೆ ಸೀದು ಕಪ್ಪಾಗುತ್ತದೆ. ಅಪ್ಪ ಒಂದು ಹನಿಯನ್ನು ನೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ, ತಟ್ಟೆಯ ಅಂಚಿಗೆ ಹೊಡೆದು ಶಬ್ದ ಕೇಳುತ್ತಿದ್ದ. ಆಮೇಲೆ ನಾಲಿಗೆಯ ತುದಿಗೆ ಇಟ್ಟು ಕಣ್ಣು ಮುಚ್ಚುತ್ತಿದ್ದ. “ಇಳಸ್ರಿ” ಎಂದರೆ ಇಳಿಸುವುದು. ಅವನ ಮಾತನ್ನು ಯಾರೂ ಎರಡನೆಯ ಸಲ ಕೇಳುತ್ತಿರಲಿಲ್ಲ.

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಹೊಲದಲ್ಲಿ ಕಬ್ಬಿನ ಕೂಳೆ ಚುಚ್ಚಿ ಅಪ್ಪನ ಎಡಗಾಲಿನ ಹೆಬ್ಬೆರಳ ಬುಡದಲ್ಲಿ ಒಂದು ಗಾಯವಾಯಿತು. ಒಕ್ಕಲಿಗರ ಕಾಲಿಗೆ ಇಂಥವು ನೂರು ಆಗುತ್ತವೆ, ಮಾಯುತ್ತವೆ. ಇದು ಮಾಯಲಿಲ್ಲ. ಅವ್ವ ಅರಿಸಿನ ಹಚ್ಚಿದಳು, ಬೇವಿನ ಎಣ್ಣೆ ಹಚ್ಚಿದಳು, ಯಾರೋ ಹೇಳಿದ ಸೊಪ್ಪು ಅರೆದು ಕಟ್ಟಿದಳು. ಅಪ್ಪ ಬಿಂದಿಗೆಗಟ್ಟಲೆ ನೀರು ಕುಡಿಯುತ್ತಿದ್ದ, ಮೈ ಇಳಿಯುತ್ತಿತ್ತು. ಕೊಟ್ಟಿಗೆಯ ಹಿಂದೆ ಅಪ್ಪ ಮೂತ್ರಕ್ಕೆ ಕೂರುವ ಜಾಗದಲ್ಲಿ ಕಟ್ಟಿರುವೆ ಮುತ್ತಿದ್ದನ್ನು ಮೊದಲು ಕಂಡವಳು ಅವ್ವ. ಅವಳು ನನ್ನನ್ನು ಕೈ ಹಿಡಿದು ಕರೆದುಕೊಂಡು ಹೋಗಿ ತೋರಿಸಿದಳು.

ಹೊಸಪೇಟೆಯಲ್ಲಿ ಮದರಾಸಿಗೆ ಹೋಗಿ ಓದಿ ಬಂದಿದ್ದ ಒಬ್ಬ ಡಾಕ್ಟರು ಇದ್ದರು. ಅವರು ಗಾಜಿನ ನಳಿಗೆಯಲ್ಲಿ ಒಂದು ನೀಲಿ ನೀರಿಗೆ ಅಪ್ಪನ ಮೂತ್ರದ ಕೆಲವು ಹನಿ ಹಾಕಿ ದೀಪದ ಮೇಲೆ ಕಾಯಿಸಿದರು. ನೀಲಿ ಹಸಿರಾಯಿತು, ಹಸಿರು ಹಳದಿಯಾಯಿತು, ಕೊನೆಗೆ ಇಟ್ಟಿಗೆಯ ಕೆಂಪಾಗಿ ನಿಂತಿತು.

“ನೀಲಿ ಇದ್ರೆ ಒಳ್ಳೇದು, ಹಸಿರಾದ್ರೂ ನಡೀತದೆ. ಕೆಂಪು ಅಂದ್ರೆ ಮೈತುಂಬ ಸಕ್ಕರೆ,” ಎಂದರು. “ಈ ಕಾಲು ಉಳೀಬೇಕಾದ್ರೆ ಸಕ್ಕರೆ ಇಳೀಬೇಕು. ಕಾಲಿಗೆ ಬಂದದ್ದು ಆಮೇಲೆ ಜೀವಕ್ಕೂ ಬರ್ತದೆ.”

ಸೂಜಿಯಲ್ಲಿ ಕೊಡುವ ಮದ್ದು ಬಂದಿದೆಯಂತೆ, ಆದರೆ ಅದನ್ನು ಮದರಾಸಿನಿಂದ ತರಿಸಿ ತಂಪಿನಲ್ಲಿ ಇಡಬೇಕಂತೆ, ಹಳ್ಳಿಯಲ್ಲಿ ಆಗದ ಮಾತಂತೆ. ಉಳಿದದ್ದು ಪಥ್ಯ ಒಂದೇ. ಅನ್ನ, ಬೆಲ್ಲ, ಬಾಳೆಹಣ್ಣು ಬಂದ್ ಎಂದು ಹೇಳಿ ಅವರು ಮೇಜಿನ ಡ್ರಾಯರಿನಿಂದ ಅಚ್ಚು ಹಾಕಿದ ಒಂದು ಇಂಗ್ಲಿಷ್ ಕಾಗದ ತೆಗೆದರು. “ಓದೋಕೆ ಬರ್ತದಾ?” ಎಂದು ನನ್ನನ್ನು ಕೇಳಿದರು. ನಾನು ಉತ್ತರ ಕೊಡುವ ಮೊದಲೇ ಅಪ್ಪ, “ಬರ್ತೈತ್ರಿ! ಅಕಿ ಟ್ರೇನಿಂಗ್ ಮಾಡ್ಯಾಳ್ರಿ,” ಎಂದ. ಕಾಲು ನೋವನ್ನೆಲ್ಲ ಮರೆತವನ ಧ್ವನಿ ಅದು.

ಆ ಕಾಗದ ಯಾವ ದೊರೆಗಳಿಗಾಗಿ ಬರೆದದ್ದೋ! ಅದರಲ್ಲಿ ಮೊಟ್ಟೆ ಇತ್ತು, ಮೀನಿತ್ತು, ಕೋಸುಗಡ್ಡೆ ಇತ್ತು, ಬೆಣ್ಣೆ ಇತ್ತು. ಮೇಲ್ಗಡೆಯೇ ದಪ್ಪ ಅಕ್ಷರದಲ್ಲಿ ಬ್ರೌನ್ ಬ್ರೆಡ್, ಅಂದರೆ ನಮ್ಮ ಮಾತಿನಲ್ಲಿ ಕೆಂಪು ಬ್ರೆಡ್ಡು, ಎಂದಿತ್ತು, ಬಿಳಿಯದು ಕೂಡದು ಎಂದೂ ಇತ್ತು. ಜೋಳದ ರೊಟ್ಟಿಯ ಮಾತು ಎಲ್ಲಿಯೂ ಇರಲಿಲ್ಲ. ಇಂಗ್ಲೆಂಡಿನಲ್ಲಿ ಬರೆದ ಕಾಗದದಲ್ಲಿ ಜೋಳದ ರೊಟ್ಟಿ ಏಕೆ ಇರುತ್ತದೆ ಎಂದು ಕೇಳುವಷ್ಟು ಬುದ್ಧಿ ನನಗೆ ಇರಬೇಕಾಗಿತ್ತು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುವವಳೇ ನಾನು. ಕಾಗದದಲ್ಲಿಲ್ಲ, ಹಾಗಾದರೆ ಅಪ್ಪನಿಗೆ ರೊಟ್ಟಿಯೂ ಇಲ್ಲ ಎಂದು ತೀರ್ಮಾನ ಕೊಟ್ಟೆ.

ತೀರ್ಮಾನ ಜಾರಿಗೆ ಬರಲು ಎರಡು ವಾರ ಹಿಡಿಯಿತು, ಏಕೆಂದರೆ ಕೆಂಪು ಬ್ರೆಡ್ಡು ಹೊಸಪೇಟೆಯಲ್ಲಿ ಇರಲಿಲ್ಲ. ಆ ಎರಡು ವಾರ ಅಪ್ಪ ಅನ್ನ ಬೆಲ್ಲ ಬಿಟ್ಟು ಹೊತ್ತಿಗೆ ಎರಡು ರೊಟ್ಟಿ, ಪುಂಡಿಪಲ್ಯ, ಮಜ್ಜಿಗೆಯಲ್ಲಿ ಇದ್ದ. ನಾನು ಡಾಕ್ಟರ ಹತ್ತಿರ ನೀಲಿ ನೀರು, ನಳಿಗೆ, ಸ್ಪಿರಿಟ್ ದೀಪ ತಂದುಕೊಂಡಿದ್ದೆ. ಶಾಲೆಗೆ ಹೊರಡುವ ಮೊದಲು ದಿನಾ ಬೆಳಿಗ್ಗೆ ಕಾಯಿಸಿ ನೋಡುತ್ತಿದ್ದೆ. ಬಣ್ಣ ದಿನದಿಂದ ದಿನಕ್ಕೆ ಇಳಿದು ಹಸಿರಿಗೆ ಬಂದಿತ್ತು. ಇದನ್ನು ನಾನು ನನ್ನ ಕಣ್ಣಾರೆ ಕಂಡೆ, ಕಂಡೂ ಅದರ ಅರ್ಥ ಮಾಡಿಕೊಳ್ಳಲಿಲ್ಲ. ರೊಟ್ಟಿ ತಿಂದೇ ಹಸಿರಾಗಿದ್ದರೆ ಇನ್ನು ಬ್ರೆಡ್ಡು ತಿಂದರೆ ನೀಲಿಯಾಗುತ್ತದೆ ಎಂದು ಲೆಕ್ಕ ಹಾಕಿದೆ.

ಭಟ್ಟಿ ಹೊಸಪೇಟೆಯ ಸ್ಟೇಷನ್ ರಸ್ತೆಯಲ್ಲಿತ್ತು. ನಡೆಸುತ್ತಿದ್ದವನು ಒಬ್ಬ ವಯಸ್ಸಾದ ಸಾಬ, ಮೃದು ಮಾತಿನವನು. ಅವನ ಹಿಟ್ಟು ಉಬ್ಬುವುದು ಈಚಲ ಹೆಂಡದಿಂದ ಎಂದು ಊರಿಗೆಲ್ಲ ಗೊತ್ತಿತ್ತು. ಅವ್ವ ಆ ಕಾರಣಕ್ಕೆ ಮೂಗು ಮುರಿದಾಗ ಅಪ್ಪ, “ಮದ್ದಿಗೆ ಎಂಥ ಮೈಲಿಗಿ? ಮಗಳು ಓದಿ ಹೇಳ್ಯಾಳ, ಸುಮ್ನಿರು,” ಎಂದ. ನಾನು ಸಾಬನಿಗೆ ಕೆಂಪು ಬ್ರೆಡ್ಡು ಮಾಡಿಕೊಡಬೇಕು ಎಂದಾಗ ಅವನು ತಲೆ ಕೆರೆದುಕೊಂಡ.

“ಕೆಂಪಂದು ಯಾರು ತಿಂತಾರ, ಅಕ್ಕೋರ? ಜನ ಸುಟ್ಟೈತಿ ಅಂತಾರ. ಬೆಳ್ಳಗಿರೋದು ಒಯ್ರಿ, ಬೆಣ್ಣಿ ಇದ್ದಂಗ ಐತಿ.”

“ಬಿಳೀದು ಬ್ಯಾಡ. ಇಂಗ್ಲಿಷಿನಾಗ ಬರದೈತಿ, ಕೆಂಪಂದೇ ಆಗಬೇಕು.”

ಯಾವ ರೋಗಕ್ಕೆ ಎಂದು ಅವನು ಕೇಳಿದ. ಭಟ್ಟಿಯವನ ಮುಂದೆ ಅಪ್ಪನ ಮೂತ್ರದ ವಿಷಯ ಏಕೆ ಎಂದುಕೊಂಡು, “ಮನ್ಯಾಗ ಹಿರ್ಯಾರಿಗೆ ಆರಾಮಿಲ್ಲ” ಎಂದಷ್ಟೇ ಹೇಳಿದೆ. ಎರಡು ದಿನ ಬಿಟ್ಟು ಹೋದಾಗ ಅವನು ಒಂದು ಬ್ರೆಡ್ಡು ತೋರಿಸಿದ. ಬೀಸುಕಲ್ಲಿನಲ್ಲಿ ಬೀಸಿದ ಗೋಧಿ ಹಿಟ್ಟು, ತೌಡು ಸಮೇತ. ಅದು ಉಬ್ಬಿರಲಿಲ್ಲ. ಬೂದಿ ಬಣ್ಣ, ಮೇಲೆಲ್ಲ ಸೀಳು, ಕೈಗೆತ್ತಿಕೊಂಡರೆ ಕಲ್ಲಿನ ತೂಕ. ನಾನು ಅದನ್ನು ಹಲಗೆಯ ಮೇಲೆ ಕುಟ್ಟಿ ಅವನಿಗೆ ಶಬ್ದ ಕೇಳಿಸಿದೆ.

“ಇದೇನು, ಗ್ವಾಡಿ ಕಟ್ಟಾಕ ಮಾಡೀಯೇನು? ಹಿರೇ ಮನಷ್ಯಾ ಇದನ್ನ ಹೆಂಗ ಅಗೀಬೇಕು? ಮೆತ್ತಗ ಇರಬೇಕು, ಕೆಂಪಗ ಇರಬೇಕು.”

ಅವನು ಆ ಬ್ರೆಡ್ಡನ್ನು ವಾಪಸು ಒಳಗೆ ಇಟ್ಟ. ಮುಂದಿನ ಸಲ ಕೊಟ್ಟ ಬ್ರೆಡ್ಡು ನೋಡಿದರೆ ಕಣ್ಣು ತಂಪಾಗುವಂತಿತ್ತು. ಹದವಾಗಿ ಉಬ್ಬಿತ್ತು, ಒತ್ತಿದರೆ ತಗ್ಗಿ ಮತ್ತೆ ಏಳುತ್ತಿತ್ತು, ಒಳಗೂ ಹೊರಗೂ ಒಂದೇ ಸಮ ಕೆಂಪು. ನಾನು ಗೆದ್ದೆ ಎಂದುಕೊಂಡೆ. ಡಾಕ್ಟರು ಕೂಡ ಹೊಸಪೇಟೆಯಲ್ಲಿ ಇಂಥದ್ದು ಕಂಡಿರಲಾರರು ಎಂದುಕೊಂಡೆ. ನನ್ನ ಕೈಗೆ ಮೊದಲು ಬಂದದ್ದು ಸರಿಯಾದ ಬ್ರೆಡ್ಡು, ನಾನು ಅದನ್ನು ಕುಟ್ಟಿ ವಾಪಸು ಕೊಟ್ಟೆ ಎಂಬುದು ಗೊತ್ತಾಗಲು ಮೂರು ತಿಂಗಳು ಬೇಕಾಯಿತು.

ಅಂದಿನಿಂದ ಅಪ್ಪನ ತಾಟಿನಲ್ಲಿ ಬ್ರೆಡ್ಡು. ಬೆಳಿಗ್ಗೆ ಎರಡು ತುಂಡು, ಮಧ್ಯಾಹ್ನ ಮೂರು, ರಾತ್ರಿ ಎರಡು. ಅವ್ವ ಅದನ್ನು ಈಳಿಗೆಮಣೆಯಲ್ಲಿ ಕೊಯ್ಯುತ್ತಿದ್ದಳು. ಉಳಿದವರಿಗೆ ರೊಟ್ಟಿ ಬಡಿಯುವ ಸದ್ದು ಕೇಳಿದರೆ ಅಪ್ಪ ಅಡುಗೆಮನೆಯ ಹೊಸ್ತಿಲ ಹತ್ತಿರ ಬಂದು ಕೂರುತ್ತಿದ್ದ. ಒಂದು ದಿನ, “ಒಂದ್ ಚೂರು, ಅಂಚಿಂದು ಕೊಡ” ಎಂದು ಅವ್ವನನ್ನು ಕೇಳಿದ್ದನ್ನು ನಾನು ಕೇಳಿಸಿಕೊಂಡೆ. ಕ್ಲಾಸಿನಲ್ಲಿ ಗದರಿಸುವ ಧ್ವನಿಯಲ್ಲೇ ಗದರಿಸಿದೆ. ಮರುದಿನದಿಂದ ಅವ್ವ ಹಿಟ್ಟು, ಹಂಚು ತೆಗೆದುಕೊಂಡು ಪಕ್ಕದ ಮನೆಯ ಒಲೆಗೆ ಹೋಗಿ ರೊಟ್ಟಿ ಬಡಿದು ತರತೊಡಗಿದಳು. ಅಪ್ಪನ ಕಿವಿಗೆ ಸದ್ದು ಬೀಳಬಾರದು ಎಂದು.

ಒಂದು ವಾರಕ್ಕೆ ನಳಿಗೆಯ ಬಣ್ಣ ಹಳದಿಗೆ ಏರಿತು. ಹತ್ತು ದಿನಕ್ಕೆ ಇಟ್ಟಿಗೆ ಕೆಂಪು. ಅದೇ ಹೊತ್ತಿಗೆ ಗಾಣಗಳು ಸುರುವಾಗಿದ್ದವು, ಅಪ್ಪ ಕುಂಟುತ್ತ ಪಾಕ ನೋಡಲು ಹೋಗುತ್ತಿದ್ದ. ನನಗೆ ಬೇರೆ ಸಾಕ್ಷಿ ಬೇಕಾಗಲೇ ಇಲ್ಲ.

“ಪಾಕ ನೋಡೋದು ಅಂತ ಎಷ್ಟು ಬೆಲ್ಲ ನುಂಗಾಕತ್ತೀಯಪ್ಪಾ?”

“ನಾಲಿಗಿ ತುದಿಗೆ ಹಚ್ಚಿ ಉಗುಳತೀನವ್ವ. ನುಂಗಂಗಿಲ್ಲ.”

“ಮತ್ತ ಇದು ಯಾಕ ಕೆಂಪಗಾತು?”

ಇನ್ನು ಗಾಣಕ್ಕೆ ಹೋಗಕೂಡದು ಎಂದು ಅಪ್ಪನಿಗೆ ಹೇಳಿದೆ. ಅವನು ಒಂದು ದಿನ ಯೋಚನೆ ಮಾಡಿದ, ಆಮೇಲೆ ಹೋಗುವುದು ಬಿಟ್ಟ. ಕರೆಯಲು ಬಂದವರಿಗೆ ಕಾಲಿನ ನೆಪ ಹೇಳಿದ. ಆ ವರ್ಷ ನಮ್ಮ ಕಡೆ ಎಷ್ಟೋ ಕೊಪ್ಪರಿಗೆ ಬೆಲ್ಲ ಸೀದು ಹೋಯಿತೆಂದು ಜನ ಬೇಜಾರು ಮಾಡಿಕೊಂಡರು. ಅಪ್ಪ ಕಟ್ಟೆಯ ಮೇಲೆ ಕೂತು ಗಾಳಿಯಲ್ಲಿ ಬರುವ ವಾಸನೆಯಿಂದಲೇ “ಅಯ್ಯಯ್ಯ, ತಡಾ ಮಾಡಿದ್ರು” ಎನ್ನುತ್ತಿದ್ದ.

ಗಾಣ ಬಿಟ್ಟರೂ ಬಣ್ಣ ಇಳಿಯಲಿಲ್ಲ. ಗಾಯ ಬೆರಳಿನಿಂದ ಮುಂಗಾಲಿಗೆ ಹರಡಿತ್ತು. ನಾನು ಮನೆಯಲ್ಲಿದ್ದ ಬೆಲ್ಲದ ಗಡಿಗೆಗಳನ್ನೆಲ್ಲ ಸಣ್ಣ ಕೋಣೆಗೆ ಹಾಕಿಸಿ ಕೀಲಿ ಜಡಿದೆ, ಕೀಲಿಕೈಯನ್ನು ನನ್ನ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಅವ್ವ ಮದುವೆಯಾಗಿ ಬಂದಂದಿನಿಂದ ಆ ಮನೆಯಲ್ಲಿ ಯಾವ ಕೋಣೆಗೂ ಅವಳಿಗೆ ತಡೆ ಇರಲಿಲ್ಲ. ಅವಳು ಕೀಲಿ ನೋಡಿದಳು, ನನ್ನನ್ನು ನೋಡಿದಳು.

“ನನ್ನ ಮ್ಯಾಲೂ ಅನುಮಾನ ಏನವ್ವ?”

“ಅಪ್ಪ ಕೇಳಿದ್ರ ನೀ ಇಲ್ಲ ಅನ್ನಾಕಿ ಅಲ್ಲ.”

“ಅವರ ಜೀವಕ್ಕಿಂತ ನಂಗ ಬೆಲ್ಲ ಹೆಚ್ಚೇನು?” ಎಂದು ಕೇಳಿ ಅವಳು ಸೆರಗು ಬಾಯಿಗೆ ಒತ್ತಿಕೊಂಡಳು. ಅವತ್ತಿನಿಂದ ಅಪ್ಪನನ್ನು ಕಾಯುವ ಕೆಲಸವನ್ನು ಅವಳೇ ಹಟ ಹಿಡಿದು ಮಾಡಿದಳು. ಹಿತ್ತಲಿಗೆ ಹೋದರೆ ಹಿಂದೆ ಹೋಗುತ್ತಿದ್ದಳು. ನೆಂಟರು ಬಂದರೆ ಅವರ ಗಂಟನ್ನು ಅಪ್ಪನ ಕೈಗೆ ಸಿಗದಂತೆ ತೆಗೆದಿಡುತ್ತಿದ್ದಳು. ನಲವತ್ತು ವರ್ಷ ಸಂಸಾರ ಮಾಡಿದ ಗಂಡನಿಗೆ ಅವಳು ನನ್ನ ಮಾತಿನಿಂದ ಕಾವಲುಗಾರ್ತಿಯಾದಳು.

ಆ ದಿನಗಳಲ್ಲೇ ಒಮ್ಮೆ ಅಪ್ಪ ಬ್ರೆಡ್ಡಿನ ತುಂಡನ್ನು ಬಾಯಲ್ಲಿಟ್ಟು, ಅಗಿಯುವುದನ್ನು ನಿಲ್ಲಿಸಿ, ಕಣ್ಣು ಮುಚ್ಚಿದ. ಕೊಪ್ಪರಿಗೆಯ ಮುಂದೆ ನಿಂತಾಗ ಮುಚ್ಚುತ್ತಿದ್ದ ಹಾಗೆ.

“ಯವ್ವಾ, ಇದರಾಗ ಬೆಲ್ಲ ಐತಿ. ಹೋದ ವರ್ಷದ್ದು, ಮಳಿಗಾಲದಾಗ ತಂಡಿ ಹಿಡದದ್ದು.”

ನಾನು ನಕ್ಕುಬಿಟ್ಟೆ. “ನಿನ್ನ ನಾಲಿಗ್ಯಾಗ ಐತಿ ಬೆಲ್ಲ. ಹುಟ್ಟಿದಾಗಿಂದ ಅದನ್ನ ನೆಕ್ಕಿ ನೆಕ್ಕಿ ನಿಂಗ ಬೇವೂ ಸೀ ಅನ್ನಸ್ತೈತಿ. ಇದು ಡಾಕ್ಟರು ಬರದ ಬ್ರೆಡ್ಡು, ತಿನ್ನು.”

ಅಪ್ಪ ನನ್ನ ಮುಖ ನೋಡಿದ. ಸುತ್ತಿನ ಊರುಗಳ ಒಕ್ಕಲಿಗರು ವರ್ಷದ ಬೆಳೆಯನ್ನು ನಂಬಿ ಒಪ್ಪಿಸುತ್ತಿದ್ದ ನಾಲಿಗೆ ಅದು. ಮಗಳು ಓದಿದ ಕಾಗದದ ಮುಂದೆ ಅದನ್ನು ಅವನು ತಾನೇ ಸುಳ್ಳು ಮಾಡಿಕೊಂಡ. “ಇರಬೇಕು ಬಿಡು” ಎಂದು ಉಳಿದದ್ದನ್ನು ತಿಂದು ಮುಗಿಸಿದ. ಮತ್ತೆ ಆ ಮಾತು ಎತ್ತಲಿಲ್ಲ. ಈ ಒಂದು ನಗು ನೆನಪಾದಾಗ ನನಗೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಎನ್ನಿಸುತ್ತದೆ, ಈಗಲೂ.

ಗಾಣದ ಕಾಲ ಮುಗಿಯುತ್ತ ಬಂದಾಗ ಒಂದು ದಿನ ಶಾಲೆಗೆ ರಜೆ ಇತ್ತು. ಅಪ್ಪನ ಹೆಬ್ಬೆರಳು ಕಪ್ಪಾಗಿತ್ತು, ವಾಸನೆ ಬರುತ್ತಿತ್ತು. ಮಧ್ಯಾಹ್ನ ಡಾಕ್ಟರಿಗೆ ತೋರಿಸುವುದಿತ್ತು. ಬ್ರೆಡ್ಡು ತರಲು ನಾನು ಬೆಳಿಗ್ಗೆಯೇ ಹೊಸಪೇಟೆಗೆ ಹೋದೆ. ದಿನಾ ಹೋಗುವುದು ಶಾಲೆ ಬಿಟ್ಟ ಮೇಲೆ, ಆಗ ಎಲ್ಲ ಸುಟ್ಟು ಮುಗಿದಿರುತ್ತಿತ್ತು. ಅವತ್ತು ಸಾಬ ಇನ್ನೂ ಹಿಟ್ಟು ನಾದುತ್ತಿದ್ದ. ಪಕ್ಕದ ಒಲೆಯ ಮೇಲೆ ಒಂದು ಪಾತ್ರೆಯಲ್ಲಿ ಕಪ್ಪಗೆ ಏನೋ ಕಾಯುತ್ತಿತ್ತು. ಕಬ್ಬಿನ ಊರಿನಲ್ಲಿ ಹುಟ್ಟಿದವಳಿಗೆ ಆ ವಾಸನೆಯನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

“ಇದೇನಿದು?” ಎಂದೆ.

“ಕಂಪ್ಲಿ ಬೆಲ್ಲ, ಅಕ್ಕೋರ. ಬರೇ ಗೋಧಿ ಹಿಟ್ಟಿಂದು ಮಾಡಿದ್ರ ನೀವು ಒಯ್ಯಲಿಲ್ಲ. ಅದಕ್ಕ ಮೈದಾಕ್ಕ ಬೆಲ್ಲದ ನೀರು ಹಾಕಿ ನಾದ್ತೀನಿ. ಮಸ್ತ್ ಬಣ್ಣ ಬರ್ತೈತಿ, ಮೆತ್ತಗೂ ಇರ್ತೈತಿ. ಬೀಮಾರಿ ಮನಷ್ಯಾಗ ತಾಕತ್ತು ಬರ್ಲಿ ಅಂತ ನಿಮ್ಮದಕ್ಕ ಒಂದೀಟು ಜಾಸ್ತೀನ ಹಾಕ್ತೀನ್ರಿ.”

ಅವನ ಮುಖದಲ್ಲಿ ಹೆಮ್ಮೆ ಇತ್ತು. ನಮ್ಮ ಮನೆಗಾಗಿ ಅವನು ಬೆಳಿಗ್ಗೆ ಬೆಳಿಗ್ಗೆ ಎದ್ದು ಬೇರೆ ಹಿಟ್ಟು ಕಲಸುತ್ತಿದ್ದ. ಅವನನ್ನು ಏನೆಂದು ಬೈಯಲಿ? ರೋಗದ ಹೆಸರನ್ನು ಅವನಿಂದ ಮುಚ್ಚಿಟ್ಟವಳು ನಾನು. ಒಳ್ಳೆಯ ಬ್ರೆಡ್ಡನ್ನು ಹಲಗೆಗೆ ಕುಟ್ಟಿದವಳು ನಾನು. ಬಣ್ಣ ಯಾವುದೆಂದು ಓದಿದೆ, ಆ ಬಣ್ಣ ಯಾವುದರಿಂದ ಬರಬೇಕು ಎಂದು ಕೇಳಲಿಲ್ಲ. ಬ್ರೆಡ್ಡು ತೆಗೆದುಕೊಳ್ಳದೆ ಬಂಡಿ ಹತ್ತಿದೆ.

ಮನೆಯಲ್ಲಿ ಅವ್ವ ಹಿತ್ತಲಲ್ಲಿದ್ದಳು. ಅಪ್ಪ ಒಬ್ಬನೇ ಇದ್ದ. ಅವನ ಕಾಲ ಬಳಿ ಕುಸಿದು ಕೂತು, ಅಳುತ್ತ ಎಲ್ಲವನ್ನೂ ಹೇಳಿದೆ. ಅಪ್ಪ ಎಲ್ಲ ಕೇಳಿ, “ಬೆಲ್ಲ ಹೋದ ವರ್ಷದ್ದ ಅಲ್ಲೇನು?” ಎಂದು ಕೇಳಿದ. ಹೌದೋ ಅಲ್ಲವೋ ನನಗೆ ಗೊತ್ತಿರಲಿಲ್ಲ. ಹೌದು ಎಂದೆ. ಅವನ ಮುಖದಲ್ಲಿ ಸಮಾಧಾನದಂಥ ಏನೋ ಬಂತು. ಆಮೇಲೆ ನನ್ನ ತಲೆಯ ಮೇಲೆ ಕೈ ಇಟ್ಟು ಬಂಡಿ ಹೂಡಲು ಹೇಳಿದ.

ಡಾಕ್ಟರ ಹತ್ತಿರ ಅವತ್ತು ಸಂತೆಯ ದಿನದ ಜನ. ನಮ್ಮೂರಿನವರೇ ಐದಾರು ಮಂದಿ ಪಡಸಾಲೆಯಲ್ಲಿ ಕೂತಿದ್ದರು. ಅವ್ವ ಬಾಗಿಲ ಬಳಿ ನಿಂತಿದ್ದಳು. ಡಾಕ್ಟರು ಕಾಲಿನ ಕಟ್ಟು ಬಿಚ್ಚಿ ನೋಡಿದರು, ನಳಿಗೆ ಕಾಯಿಸಿ ನೋಡಿದರು, ಅವರಿಗೆ ಸಿಟ್ಟು ನೆತ್ತಿಗೇರಿತು.

“ಈ ಮನುಷ್ಯನಿಗೆ ಸಿಹಿ ಕೊಡ್ತಾ ಇರೋರು ಯಾರು? ಪಥ್ಯ ಅಂದ್ರೆ ಏನಂತ ತಿಳ್ಕೊಂಡಿದೀರಿ? ಏನಮ್ಮಾ, ನೀನೇ ಅಲ್ವಾ ಕಾಗದ ಓದ್ತೀನಿ ಅಂದವಳು?”

ನಾನು ಬಾಯಿ ತೆರೆದೆ. ನಿಜವನ್ನೇ ಹೇಳಲು ತೆರೆದೆ, ಇದನ್ನು ನಂಬಬೇಕು.

“ಅಕಿದು ಏನೂ ತಪ್ಪಿಲ್ರಿ ಸಾಹೇಬ್ರ,” ಎಂದು ಅಪ್ಪ ದೊಡ್ಡ ಧ್ವನಿಯಲ್ಲಿ ಹೇಳಿದ. ಪಡಸಾಲೆಗೆಲ್ಲ ಕೇಳುವಷ್ಟು ದೊಡ್ಡದಾಗಿ. “ಅಕಿ ಬರದಂಗ ಕೊಟ್ಟಾಳ್ರಿ. ನಾನ ಕದ್ದು ಬೆಲ್ಲಾ ತಿಂದೆ. ನಾಲಿಗಿ ಕೇಳಲಿಲ್ರಿ.”

ಕೋತಿ ತಾನು ಮೊಸರನ್ನ ತಿಂದು ಮೇಕೆಯ ಬಾಯಿಗೆ ಒರೆಸಿತು ಎಂದು ಗಾದೆ. ಮೇಕೆ ತಾನೇ ಮುಂದೆ ಬಂದು ಬಾಯಿಗೆ ಒರೆಸಿಕೊಂಡದ್ದನ್ನು ನಾನು ಅಲ್ಲಿ ಕಂಡೆ. ಡಾಕ್ಟರು ಬಾಯಿಗೆ ಬಂದಂತೆ ಬೈದರು. ಇಷ್ಟು ವಯಸ್ಸಾಗಿ ನಾಚಿಕೆ ಆಗಬೇಕು ಎಂದರು. ಅಪ್ಪ ತಲೆ ತಗ್ಗಿಸಿ, “ಹೌದ್ರಿ, ತಪ್ಪಾತ್ರಿ” ಎನ್ನುತ್ತಲೇ ಇದ್ದ. ಅವ್ವ ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದಳು. ಅವಳ ಮುಖ ನೋಡಿ ನಾನು ತಟ್ಟನೆ ಬೇರೆ ಕಡೆ ತಿರುಗಿದೆ.

ಬಂಡಿಯಲ್ಲಿ ಅವ್ವ ಮುಂದುಗಡೆ ನಮಗೆ ಬೆನ್ನು ಮಾಡಿ ಕೂತಳು, ಅಪ್ಪನ ಹತ್ತಿರ ಬರಲಿಲ್ಲ. ಅಪ್ಪ ನನ್ನ ಕಿವಿಯ ಬಳಿ ಬಾಗಿ ಪಿಸುಗುಟ್ಟಿದ.

“ಹೇಳಬ್ಯಾಡ. ಯಾರ ಮುಂದೂ ಹೇಳಬ್ಯಾಡ. ‘ಓದಿದ ಮಗಳು ಅಪ್ಪನ್ನ ಕೊಂದ್ಲು’ ಅಂದ್ರ ಸಾಕು, ಈ ಬಂಡಿಗೆ ಬರೋ ನಾಕೂ ಹುಡುಗ್ಯಾರ ನಾಳಿಗೆ ಹೊಲದಾಗ ಇರ್ತಾರ.”

“ಅವ್ವಗಾದ್ರೂ ಹೇಳ್ತೀನಪ್ಪಾ.”

“ಅಕಿ ಹೊಟ್ಟ್ಯಾಗ ಮಾತು ನಿಲ್ಲಂಗಿಲ್ಲ. ಸಿಟ್ಟು ಭಾಳ ದಿನ ಇರಂಗಿಲ್ಲ ತಗೋ, ಇಳೀತೈತಿ.”

ಜೋಳದ ರೊಟ್ಟಿ ಮತ್ತೆ ಸುರುವಾಯಿತು, ಬಣ್ಣ ಮತ್ತೆ ಹಸಿರಿಗೆ ಬಂತು, ಆದರೆ ಕಾಲಿನ ಸ್ಥಿತಿ ಕೈಮೀರಿತ್ತು. ಬಳ್ಳಾರಿಯಲ್ಲಿ ಮೊದಲು ಬೆರಳು ತೆಗೆದರು, ಆಮೇಲೆ ಮೊಣಕಾಲ ಕೆಳಗೆ ತೆಗೆದರು. ಮುಂದಿನ ಕಬ್ಬು ಆಳೆತ್ತರ ಆಗುವ ಮೊದಲೇ ಅಪ್ಪ ಹೋದ. ಜೋಳದಲ್ಲೂ ಸಕ್ಕರೆ ಇದೆ, ನಿಧಾನ ಏರುತ್ತದೆ ಅಷ್ಟೇ, ಆ ಕಾಲದಲ್ಲಿ ಹೇಗಿದ್ದರೂ ಉಳಿಯುವುದು ಕಷ್ಟವಿತ್ತು ಎಂದು ಮುಂದೆ ಒಬ್ಬ ಡಾಕ್ಟರು ನನಗೆ ಹೇಳಿದರು. ಅದು ನಿಜ ಇರಬಹುದು. ನನಗೆ ಅದರಿಂದ ಏನೂ ಹಗುರಾಗಲಿಲ್ಲ.

ಊರಿನವರು ಅಪ್ಪನ ಕತೆಯನ್ನು ಮಕ್ಕಳಿಗೆ ಬುದ್ಧಿ ಹೇಳಲು ಇಟ್ಟುಕೊಂಡರು. ನಾಲಿಗೆ ಕಟ್ಟದಿದ್ದರೆ ಆ ಪಾಕದ ಅಜ್ಜನ ಗತಿ ಆಗುತ್ತದೆ ನೋಡು ಎಂದರು. ಬಂಡಿಯಲ್ಲಿ ನಾಲ್ಕು ಹುಡುಗಿಯರು ಇದ್ದದ್ದು ಏಳಾಯಿತು. ಅವರಲ್ಲಿ ಇಬ್ಬರು ನನ್ನಂತೆಯೇ ಶಾಲೆಯ ಅಕ್ಕೋರಾದರು. ಅವರ ಮದುವೆಗಳಾದವು, ಮಕ್ಕಳಾದವು. ಅಪ್ಪ ಹೆದರಿದ್ದ ಮಾತಿಗೆ ಈಗ ಅರ್ಥವೇ ಉಳಿದಿರಲಿಲ್ಲ. ಆದರೂ ಅವನ ಮಾತಿಗೆ ಕಟ್ಟುಬಿದ್ದಿದ್ದೇನೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಸುಳ್ಳು. ಅವ್ವನ ಮುಂದೆ ನಿಂತು ಹೇಳಲು ನನಗೆ ಹೆದರಿಕೆ ಇತ್ತು, ಅಷ್ಟೇ.

ನಮ್ಮಲ್ಲಿ ಮಹಾನವಮಿಯ ಮುಂಚಿನ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುತ್ತಾರೆ. ಸತ್ತವರಿಗೆ ಏನು ಇಷ್ಟವಿತ್ತೋ ಅದನ್ನು ನೆನಪಿಟ್ಟು ಮಾಡಿ ಬಡಿಸಬೇಕು. ಅವ್ವ ಅತ್ತೆ ಮಾವಂದಿರಿಗೆ ಹೋಳಿಗೆ ಇಡುತ್ತಿದ್ದಳು. ಅಪ್ಪನ ಎಲೆಗೆ ಅನ್ನ, ಪಲ್ಯ, ಉಪ್ಪು. ಸಿಹಿ ಒಂದು ಚೂರೂ ಇಲ್ಲ. ಮೊದಲ ವರ್ಷ ನಾನು ಹೋಳಿಗೆ ಎತ್ತಿಕೊಂಡು ಆ ಎಲೆಯ ಕಡೆ ಕೈ ಚಾಚಿದಾಗ ಅವಳು ನನ್ನ ಕೈ ಹಿಡಿದಳು.

“ಬ್ಯಾಡ. ಬದುಕಿದ್ದಾಗ ನಾ ಹಿಂದಿಂದ ಹೋಗಿ ಕಾದೆ, ನನ್ನ ಕಣ್ಣು ತಪ್ಪಿಸಿ ತಿಂದ್ರು. ಈಗ ನನ್ನ ಕೈಯಾರೆ ಇಡಂಗ ಇಲ್ಲ.”

ನಾನು ಹೋಳಿಗೆಯನ್ನು ವಾಪಸು ತಟ್ಟೆಯಲ್ಲಿಟ್ಟೆ. ಅವ್ವನ ಸಿಟ್ಟು ಅಪ್ಪ ಎಣಿಸಿದಂತೆ ಇಳಿಯಲಿಲ್ಲ. ಒಂಬತ್ತು ವರ್ಷ ಅವಳು ಹಾಗೆಯೇ ಎಡೆ ಇಟ್ಟಳು, ಒಂಬತ್ತು ವರ್ಷವೂ ನಾನು ಪಕ್ಕದಲ್ಲಿ ಕೂತು ನೋಡಿದೆ. ಅಪ್ಪನನ್ನು ಕ್ಷಮಿಸದೆಯೇ ಅವಳು ಸತ್ತಳು, ಮತ್ತು ಅವನದು ತಪ್ಪೇ ಇರಲಿಲ್ಲ ಎಂದು ಅವಳಿಗೆ ನಾನು ಕೊನೆಗೂ ಹೇಳಲಿಲ್ಲ.